ರಸಾಯನಶಾಸ್ತ್ರದಲ್ಲಿ ಸೋತ ಚಿತ್ರಕಾರನು

ಜೇಮ್ಸ್ ವಿಸ್ಲರನು 1834ರಲ್ಲಿ ಅಮೆರಿಕದ ಲೊವೆಲ್ ಪಟ್ಟಣದಲ್ಲಿ ಜನಿಸಿದನು. 1851ರಲ್ಲಿ ವೆಸ್ಟ್ ಪಾಯಿಂಟಿನ ಸೈನಿಕ ವಿದ್ಯಾಲಯವನ್ನು ಸೇರಿ, ಚಿತ್ರಲೇಖನದಲ್ಲಿ ತರಗತಿಗೇ ಮೊದಲಿಗನೆನಿಸಿದರೂ, 1854ರಲ್ಲಿ ರಸಾಯನಶಾಸ್ತ್ರದ ಪರೀಕ್ಷೆಯಲ್ಲಿ ಅನುತ್ತೀರ್ಣನಾದನು. ಪುನಃ ಸೇರಿಸಿಕೊಳ್ಳಬೇಕೆಂಬ ಆತನ ಬಿನ್ನಹವು ಫಲಿಸದೆ ವಿದ್ಯಾಲಯವನ್ನು ಬಿಡಬೇಕಾಯಿತು. ಆದರೂ ಎದೆಗುಂದದೆ, ಅದೇ ವರ್ಷ ವಾಷಿಂಗ್ಟನಿನ ಕರಾವಳಿ ಮೋಜಣಿ ಕಚೇರಿಯಲ್ಲಿ ಕೆಲಸಕ್ಕೆ ನಿಂತು, ತಾಮ್ರದ ತಗಡಿನ ಮೇಲೆ ಆಮ್ಲದಿಂದ ಚಿತ್ರ ಕೊರೆಯುವುದನ್ನು ಕಲಿತನು. ಪರೀಕ್ಷೆಯಲ್ಲಿ ಕೈಬಿಟ್ಟ ರಸಾಯನವೇ ಕಸಬಿನಲ್ಲಿ ಕೈಹಿಡಿಯಿತು. 1855ರಲ್ಲಿ ಪ್ಯಾರಿಸಿಗೆ ತೆರಳಿ ಚಿತ್ರಕಲೆಯನ್ನು ಅಭ್ಯಸಿಸಿದನು. 1871ರಲ್ಲಿ ಆತನು ಬರೆದ ತನ್ನ ತಾಯಿಯ ಚಿತ್ರವನ್ನು 1891ರಲ್ಲಿ ಫ್ರಾನ್ಸ್ ಸರ್ಕಾರವು ಕೊಂಡುಕೊಂಡಿತು. 1903ರಲ್ಲಿ ಲಂಡನಿನಲ್ಲಿ ನಿಧನಹೊಂದಿದನು.

ಅಂಕಪಟ್ಟಿಯನ್ನು ಹಿಡಿದು ಕಣ್ಣೀರಿಡುವ ಬಾಲಿಕೆಯರನ್ನು ನಾವು ಪ್ರತಿವರ್ಷವೂ ಕಾಣುತ್ತೇವೆ. ತಂದೆತಾಯಿಗಳು ಅವರನ್ನು ಜರೆಯದೆ, ತಪ್ಪಿದ ಪಾಠವನ್ನು ಮರಳಿ ಓದಿಸಿ, ಅವರಲ್ಲಿರುವ ಇತರ ಶಕ್ತಿಗಳನ್ನೂ ಗುರುತಿಸಬೇಕೆಂದು ಬಿನ್ನವಿಸುತ್ತೇವೆ.