ಕತ್ತಿ ಕಾಣದ ಚಿತ್ರಗಳು

ಬಿಳಿ ಉಡುಪಿನ ರಾಣಿಯೊಬ್ಬಳು ಮೆಟ್ಟಿಲಿಳಿಯುತ್ತಿದ್ದಾಳೆ. ಅವಳ ಕೈ ಕಟ್ಟಿದ್ದಾರೆ. ಒಮ್ಮೆ ತಿರುಗಿ ಗಂಡನತ್ತ ನೋಡುತ್ತಾಳೆ. ಸಿಂಹಾಸನದಲ್ಲಿ ಕುಳಿತ ಆತ ಅವಳ ಕಣ್ಣು ತಪ್ಪಿಸುತ್ತಾನೆ. ಪಕ್ಕದಲ್ಲೇ ಅವನ ಸಹೋದರಿ ಕಿವಿಯೂದುತ್ತಿದ್ದಾಳೆ.

ಆ ರಾಣಿ ಮರಿಯಮ್ನೆ, ರಾಜ ಹೆರೋದನ ಹೆಂಡತಿ. ಸುಳ್ಳು ಆರೋಪ ನಂಬಿ ಆತ ಅವಳಿಗೆ ಮರಣದಂಡನೆ ವಿಧಿಸಿದ. ಆಮೇಲೆ ಅವಳ ಹೆಸರು ಹಿಡಿದು ಕೂಗುತ್ತಾ ಹುಚ್ಚನಂತಾದ ಎಂದು ಹಳೆಯ ಇತಿಹಾಸಕಾರರು ಬರೆದಿದ್ದಾರೆ. 1887ರಲ್ಲಿ ಈ ಚಿತ್ರ ಬರೆದವನು ಇಂಗ್ಲೆಂಡಿನ ಜಾನ್ ವಿಲಿಯಂ ವಾಟರ್‌ಹೌಸ್. ಕೊಲ್ಲುವ ಕತ್ತಿಯನ್ನು ಆತ ಬರೆಯಲಿಲ್ಲ. ಆ ಒಂದು ನೋಟವನ್ನಷ್ಟೇ ಬರೆದ.

ವಾಟರ್‌ಹೌಸ್ ಹುಟ್ಟಿದ್ದು 1849ರಲ್ಲಿ, ರೋಮ್ ನಗರದಲ್ಲಿ. ಅಪ್ಪ, ಅಮ್ಮ ಇಬ್ಬರೂ ಕಲಾವಿದರು. ಮನೆಯಲ್ಲಿ ಕರೆಯುತ್ತಿದ್ದ ಹೆಸರು 'ನಿನೊ'. ಐದರ ಹರೆಯದಲ್ಲಿ ಕುಟುಂಬದೊಂದಿಗೆ ಇಂಗ್ಲೆಂಡಿಗೆ ಬಂದ. ಅಪ್ಪನ ಸ್ಟುಡಿಯೋದಲ್ಲಿ ಕೈ ಪಳಗಿತು. 1871ರಲ್ಲಿ ರಾಯಲ್ ಅಕಾಡೆಮಿಯ ಶಾಲೆಗೆ ಸೇರಿದ್ದು ಮಾತ್ರ ಶಿಲ್ಪಕಲೆ ಕಲಿಯಲು! ಓದಿದ್ದು ಒಂದು, ಹಿಡಿದ ಕೆಲಸ ಇನ್ನೊಂದು ಎಂದು ಕೊರಗುವ ನಮ್ಮಂಥವರಿಗೆ ಇದೇನೂ ಹೊಸದಲ್ಲ.

ಹೆಸರು ತಂದದ್ದು 1885ರ 'ಸೇಂಟ್ ಯುಲೇಲಿಯಾ'. ರೋಮನ್ ದೇವರುಗಳಿಗೆ ಬಲಿ ಅರ್ಪಿಸಲು ಒಪ್ಪದೆ ಸ್ಪೇನಿನ ಮೆರಿಡಾದಲ್ಲಿ ಪ್ರಾಣ ತೆತ್ತ ಹುಡುಗಿ ಅವಳು. ವಯಸ್ಸು ಹನ್ನೆರಡು. ಅವಳ ಮೇಲೆ ಹಿಮ ಬಿದ್ದು ದೇಹ ಮುಚ್ಚಿತೆಂಬ ಐತಿಹ್ಯವಿದೆ. ವಾಟರ್‌ಹೌಸ್ ಚಿತ್ರಹಿಂಸೆಯನ್ನು ತೋರಿಸುವುದಿಲ್ಲ. ಹಿಮದ ಮೇಲೆ ಹರಡಿದ ಕೂದಲು, ಚಾಚಿದ ತೋಳುಗಳು, ಸುತ್ತ ಪಾರಿವಾಳಗಳು. ಚಿತ್ರದ ನಡುಭಾಗ ಬರೀ ಖಾಲಿ. ಜನ, ಸೈನಿಕರು ಎಲ್ಲರೂ ಹಿಂದೆ ದೂರದಲ್ಲಿ. ಅವಳ ಹತ್ತಿರ ಇರುವವರು ನೋಡುವ ನಾವು ಮಾತ್ರ. ಅದೇ ವರ್ಷ ಅಕಾಡೆಮಿ ಆತನನ್ನು ಸಹಸದಸ್ಯನನ್ನಾಗಿ ಆರಿಸಿಕೊಂಡಿತು.

ಕಾವ್ಯದ ಹೆಣ್ಣುಗಳೂ ಆತನನ್ನು ಬಿಡಲಿಲ್ಲ. ಶಾಪಗ್ರಸ್ತೆ 'ಲೇಡಿ ಆಫ್ ಶಾಲಟ್'ಳನ್ನು 1888, 1894, 1915ರಲ್ಲಿ ಮೂರು ಬಾರಿ ಬರೆದ. ಮೊದಲನೆಯದರಲ್ಲಿ ಅವಳ ದೋಣಿಯ ಮೂರು ಮೇಣದಬತ್ತಿಗಳಲ್ಲಿ ಎರಡು ಆರಿವೆ.

ಹೆಣ್ಣಿನ ನೋವನ್ನು ಇಷ್ಟು ಚೆಂದ ಮಾಡಿ ತೋರಿಸಬೇಕೇ ಎಂದು ಕೇಳುವವರಿದ್ದಾರೆ. ನನಗೂ ಕೆಲವು ಚಿತ್ರಗಳ ಮುಂದೆ ಹಾಗೆನಿಸಿದೆ. ಮರಿಯಮ್ನೆಯ ಮುಂದೆ ಮಾತ್ರ ಇಲ್ಲ. ಅಲ್ಲಿ ತಲೆ ತಗ್ಗಿಸಬೇಕಾದವನು ಹೆರೋದನೇ.

ಹೆಂಡತಿ ಎಸ್ತರ್ ಕೂಡ ಕಲಾವಿದೆ, ಹೂವುಗಳನ್ನು ಬರೆಯುತ್ತಿದ್ದಳು. ಮಕ್ಕಳಿರಲಿಲ್ಲ. ತನ್ನ ಬಗ್ಗೆ ಆತ ಬರೆದಿಟ್ಟದ್ದು ತೀರಾ ಕಡಿಮೆ. ಕ್ಯಾನ್ಸರ್ ಕಾಡುತ್ತಿದ್ದಾಗಲೂ ಕುಂಚ ಬಿಡಲಿಲ್ಲ. 1917ರ ಫೆಬ್ರುವರಿಯಲ್ಲಿ ಲಂಡನ್ನಿನಲ್ಲಿ ತೀರಿಕೊಂಡಾಗ 'ಎನ್‌ಚಾಂಟೆಡ್ ಗಾರ್ಡನ್' ಎಂಬ ಚಿತ್ರ ಅರ್ಧಕ್ಕೇ ನಿಂತಿತ್ತು.