ಗಾನಯೋಗಿ ಶ್ರೀ ಪಂಚಾಕ್ಷರ ಗವಾಯಿಗಳವರು

ಕಾಯಕವು ಶರಣಧರ್ಮದ ತಳಹದಿ. ಗುರುವಿಗಾಗಲಿ ಜಂಗಮನಿಗಾಗಲಿ ಅದರಿಂದ ವಿನಾಯಿತಿಯಿಲ್ಲವೆಂದು ನಮ್ಮ ಪುರಾತನರು ಸಾರಿದರು. ಹಾಗಾದರೆ ಹುಟ್ಟುಕುರುಡನಿಗೆ ವಿಹಿತವಾದ ಕಾಯಕವಾವುದು? ಈ ಪ್ರಶ್ನೆಗೆ ನಾಡು ಬಹುಕಾಲ ಕೊಟ್ಟ ಉತ್ತರ ಭಿಕ್ಷಾಪಾತ್ರೆಯೊಂದೇ. ಅಂಧನನ್ನು ಕಂಡು ಮರುಗುವವರು ಅನೇಕರಿದ್ದರು. ಅವನ ಮಾತಿಗೆ ಕಿವಿಗೊಡುವವರು ವಿರಳ. ಅವನ ಬಾಳನ್ನು ಕುರಿತು ಕಣ್ಣುಳ್ಳವರೇ ತೀರ್ಪು ಹೇಳಿ, ಅದು ಪೂರ್ವಕರ್ಮದ ಫಲವೆಂದು ಮುಗಿಸಿಬಿಡುತ್ತಿದ್ದರು. ಈ ಉತ್ತರವನ್ನು ತಮ್ಮ ಬಾಳಿನಿಂದಲೇ ತಿದ್ದಿದ ಮಹನೀಯರು ಗದುಗಿನ ಶ್ರೀ ಪಂಚಾಕ್ಷರ ಗವಾಯಿಗಳವರು.

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಗುರುಪಾದಯ್ಯ, ನೀಲಮ್ಮ ಎಂಬ ದಂಪತಿಗಳ ಉದರದಲ್ಲಿ 1892ನೆಯ ಇಸವಿ ಫೆಬ್ರವರಿ 2ರಂದು ಅವರು ಜನಿಸಿದರು. ಬಾಲ್ಯದ ಹೆಸರು ಗದಿಗೆಯ್ಯ. ಅಣ್ಣ ಗುರುಬಸಯ್ಯನೂ ಅಂಧನೇ. ಬಡಮನೆಯಲ್ಲಿ ಕಣ್ಣಿಲ್ಲದ ಮಕ್ಕಳಿಬ್ಬರು. ಹೆತ್ತವರ ಚಿಂತೆಯನ್ನು ವಾಚಕರೇ ಊಹಿಸಬಹುದು. ಆದರೆ ದೈವವು ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆದಿತ್ತು. ಅಣ್ಣತಮ್ಮಂದಿರ ಕಂಠ ಬಲು ಇಂಪಾದುದು. ಕೇಳಿದುದನ್ನು ಅವರು ಮರೆಯುತ್ತಿರಲಿಲ್ಲ.

ಈ ಕಂಠಗಳ ಬೆಲೆಯನ್ನರಿತವರು ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳವರು. 1904ರಲ್ಲಿ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಶಿವಯೋಗಮಂದಿರವನ್ನೂ ಸ್ಥಾಪಿಸಿದ ಆ ಪೂಜ್ಯರು ಬಾಲಕರನ್ನು ತಮ್ಮ ಆಶ್ರಯಕ್ಕೆ ಕರೆದುಕೊಂಡರು. ಅನ್ನವಿಕ್ಕಿ ಸುಮ್ಮನಾಗದೆ ಅವರಿಗೆ ವಿದ್ಯೆಯನ್ನು ಕೊಡಿಸಿದರು. ಕರುಣೆಗೂ ದಾಸೋಹಕ್ಕೂ ಇರುವ ಅಂತರ ಇಲ್ಲಿಯೇ ತಿಳಿಯುತ್ತದೆ. ಕರುಣೆ ಇಂದಿನ ಹಸಿವನ್ನು ಕಳೆದರೆ, ದಾಸೋಹವು ಉಂಡವನನ್ನು ನಾಳೆ ಉಣಿಸುವವನನ್ನಾಗಿ ಮಾಡುತ್ತದೆ.

ಅಣ್ಣ ಗುರುಬಸಯ್ಯ ಅಕಾಲದಲ್ಲಿ ಲಿಂಗೈಕ್ಯನಾದನು. ತಮ್ಮನು ದುಃಖವನ್ನು ನುಂಗಿ ಅಭ್ಯಾಸವನ್ನು ಮುಂದುವರಿಸಿದನು. ಮೈಸೂರಿನಲ್ಲಿ ಕರ್ನಾಟಕ ಸಂಗೀತ, ಅನಂತರ ಮಿರಜಿಯ ನೀಲಕಂಠಬುವಾ ಅವರಲ್ಲಿಯೂ ಕಿರಾನಾ ಪರಂಪರೆಯ ಅಬ್ದುಲ್ ವಹೀದ್ ಖಾನ್ ಸಾಹೇಬರಲ್ಲಿಯೂ ಹಿಂದುಸ್ತಾನಿ ಸಂಗೀತ, ಹೀಗೆ ಎರಡು ಪದ್ಧತಿಗಳೂ ಅವರಿಗೆ ಕರಗತವಾದುವು. ಉಭಯ ಗಾಯನದಲ್ಲಿಯೂ ಆಚಾರ್ಯರೆಂಬ ಕೀರ್ತಿ ಅವರಿಗೆ ಸಂದಿತು. ರಾಜಾಸ್ಥಾನಗಳ ಮನ್ನಣೆಯನ್ನು ಅರಸಿ ಹೋಗುವ ದಾರಿ ಆಗ ತೆರೆದೇ ಇತ್ತು. ಅವರು ಅದನ್ನು ಬಿಟ್ಟು, ಆಜನ್ಮ ಬ್ರಹ್ಮಚಾರಿಯಾಗಿ ಅಂಧರಿಗೂ ಅನಾಥರಿಗೂ ನಾದವಿದ್ಯೆಯನ್ನು ಎರೆಯುವ ವ್ರತವನ್ನು ಕೈಕೊಂಡರು.

ಮೊದಲು ಅವರ ಪಾಠಶಾಲೆಗೆ ನೆಲೆಯೆಂಬುದೇ ಇರಲಿಲ್ಲ. ಶಿಷ್ಯರ ಗುಂಪನ್ನು ಕಟ್ಟಿಕೊಂಡು ಊರಿಂದೂರಿಗೆ ಸಂಚರಿಸುವುದು, ಹಾಡುವುದು, ಭಕ್ತರು ನೀಡಿದುದರಲ್ಲಿ ಎಲ್ಲರೂ ಉಣ್ಣುವುದು, ಉಳಿದ ವೇಳೆಯಲ್ಲಿ ಪಾಠ. 1930ರಲ್ಲಿ ಕುಮಾರ ಮಹಾಸ್ವಾಮಿಗಳವರು ಲಿಂಗೈಕ್ಯರಾದಾಗ ಈ ಸಂಸಾರದ ಭಾರವೆಲ್ಲ ಗವಾಯಿಗಳ ಹೆಗಲಿಗೇ ಬಂದಿತು. ಮುಂದೆ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ನೆಲೆಗೊಂಡಿತು. ಆಶ್ರಮದ ವೆಚ್ಚಕ್ಕಾಗಿ ನಾಟಕ ಮಂಡಳಿಯೊಂದೂ ನಡೆಯಿತು. ಜಾತಿಮತಗಳನ್ನು ಕೇಳದೆ ಮಕ್ಕಳನ್ನು ಅಲ್ಲಿ ಸೇರಿಸಿಕೊಳ್ಳುತ್ತಿದ್ದರು.

ವಚನಗಳಿಗೆ ಅವರು ಮಾಡಿದ ಉಪಕಾರವನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. 1923ರಲ್ಲಿ ಫ. ಗು. ಹಳಕಟ್ಟಿಯವರು ವಚನಶಾಸ್ತ್ರಸಾರವನ್ನು ಪ್ರಕಟಿಸಿ, ತಾಳೆಗರಿಗಳಲ್ಲಿ ಅಡಗಿದ್ದ ಶರಣವಾಣಿಯನ್ನು ಬೆಳಕಿಗೆ ತಂದರು. ಆದರೆ ಮುದ್ರಿತ ಗ್ರಂಥ ಕಣ್ಣುಳ್ಳವರ ಸ್ವತ್ತು. ಅಕ್ಷರ ಬಾರದವನಿಗೂ ಅಂಧನಿಗೂ ಅದು ಮುಚ್ಚಿದ ಬಾಗಿಲು. ಗವಾಯಿಗಳು ವಚನಗಳನ್ನು ರಾಗಕ್ಕೆ ಅಳವಡಿಸಿ ಆ ಬಾಗಿಲನ್ನು ತೆರೆದರು. ಇದು ಸುಲಭದ ಕೆಲಸವಲ್ಲ. ಕೀರ್ತನೆಗೆ ಪಲ್ಲವಿಯಿದೆ, ಷಟ್ಪದಿಗೆ ಮಾತ್ರಾಗಣಗಳ ಕಟ್ಟಿದೆ. ವಚನಕ್ಕೆ ಅಂತಹ ನಿಯಮವಿಲ್ಲ. ಎಲ್ಲಿ ನಿಲ್ಲಬೇಕು, ಯಾವ ಪದವನ್ನು ಎತ್ತಿ ಹಿಡಿಯಬೇಕು, ಅಂಕಿತವನ್ನು ಯಾವ ಸ್ವರದಲ್ಲಿ ವಿಶ್ರಮಿಸಬೇಕು ಎಂಬುದನ್ನು ಅರ್ಥವೇ ನಿರ್ಣಯಿಸಬೇಕು. ಆದುದರಿಂದ ವಚನವನ್ನು ಹಾಡುವವನು ಮೊದಲು ಅದನ್ನು ಅನುಭವಿಸಬೇಕಾಗುತ್ತದೆ.

ಹೀಗೆ ಒಂದು ಸೋಜಿಗ ನಡೆಯಿತು. ಓದಲಾರದವರಿಂದ ಓದುಬಲ್ಲವರು ವಚನಗಳನ್ನು ಕಲಿಯತೊಡಗಿದರು. ಯಲಿವಾಳದ ಬಸವರಾಜ ರಾಜಗುರುಗಳಂತಹ ಕಣ್ಣುಳ್ಳ ಪ್ರತಿಭಾವಂತರೂ ಈ ಅಂಧಗುರುವಿನ ಪಾದದಲ್ಲಿ ಕುಳಿತು ವಿದ್ಯೆ ಪಡೆದರು. 1936ರಲ್ಲಿ ವಿಜಯನಗರ ಸ್ಥಾಪನೆಯ 600ನೆಯ ವರ್ಷದ ಉತ್ಸವದಲ್ಲಿ ಆ ಶಿಷ್ಯನು ಮೊದಲ ಬಾರಿಗೆ ಸಭೆಯ ಮುಂದೆ ಹಾಡಿದಾಗ, ಗುರುಗಳೇ ತಬಲಾ ಸಾಥಿಗೆ ಕುಳಿತರು. ಶಿಷ್ಯನ ಏಳಿಗೆಗೆ ಗುರುವು ಹೀಗೆ ತಾಳ ಹಿಡಿಯುವುದು ಎಷ್ಟು ದೊಡ್ಡ ಮನಸ್ಸು!

1944ರ ಜೂನ್ 11ರಂದು ಗವಾಯಿಗಳು ಲಿಂಗೈಕ್ಯರಾದರು. ಆಶ್ರಮದ ಹೊಣೆಯನ್ನು ಹೊತ್ತವರು ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳವರು. ಅವರಿಗೂ ಶೈಶವದಲ್ಲಿಯೇ ದೃಷ್ಟಿ ಹೋಗಿತ್ತು. ಗಾಯನ ವಾದನಗಳಲ್ಲಿ ಮಾತ್ರವಲ್ಲ, ಕಾವ್ಯ ನಾಟಕಗಳ ರಚನೆಯಲ್ಲಿಯೂ ಅವರು ಕೈಯಾಡಿಸಿದರು. 2010ರಲ್ಲಿ ಅವರು ಲಿಂಗೈಕ್ಯರಾಗುವವರೆಗೆ ಗುರುವಿನ ದೀಪವನ್ನು ಕಾಪಾಡಿದರು. ಪರರು ಬರೆದುದನ್ನು ಹಾಡುತ್ತಿದ್ದ ಅಂಧಕಂಠ, ಒಂದೇ ತಲೆಮಾರಿನಲ್ಲಿ ತನ್ನ ಕೃತಿಯನ್ನು ತಾನೇ ರಚಿಸುವಂತಾಯಿತು.

ಹನ್ನೆರಡನೆಯ ಶತಮಾನದ ಶರಣಮಾರ್ಗದಲ್ಲಿ ನಡೆದುದೂ ಇದೇ ಅಲ್ಲವೆ? ಅಂಬಿಗ, ಮಾದಾರ, ಮಡಿವಾಳರನ್ನು ಕುರಿತು ಅದುವರೆಗೆ ಇತರರು ಮಾತನಾಡುತ್ತಿದ್ದರು. ಶರಣರ ಸಂಗದಲ್ಲಿ ಅವರು ತಮ್ಮ ಅನುಭವವನ್ನು ತಮ್ಮ ನುಡಿಯಲ್ಲಿಯೇ ಹೇಳಿದರು. ಪಂಡಿತರೂ ಕುಳಿತು ಕೇಳಬೇಕಾಯಿತು. ದೋಣಿಯೂ ಉಳಿಯೂ ಅವರ ವಚನಗಳಲ್ಲಿ ತತ್ತ್ವದ ಮಾತಾದುವು. ಗವಾಯಿಗಳು ಅದೇ ಹಾದಿಯಲ್ಲಿ ನಡೆದು, ತಂಬೂರಿಯನ್ನು ಅಂಧರ ಕಾಯಕದ ಉಪಕರಣವನ್ನಾಗಿ ಮಾಡಿದರು.

ಆದುದರಿಂದ ಅಂಧಗಾಯಕನು ಮಠದ ಅಂಗಳಕ್ಕೆ ಬಂದಾಗ ಸದ್ಭಕ್ತರು ಕಾಸು ನೀಡಿ ಬೀಳ್ಕೊಟ್ಟರೆ ಸಾಲದು. ಚಾಪೆ ಹಾಸಿ ಕೂರಿಸಿ, ಅವನ ಹಾಡು ಮುಗಿಯುವವರೆಗೆ ಶ್ರದ್ಧೆಯಿಂದ ಕೇಳಬೇಕು. ಅವನಿಂದ ನಾವು ಕಲಿಯತಕ್ಕುದು ಬಹಳವಿದೆ.