ವಿದ್ಯುತ್ತಿನ ಲೆಕ್ಕಿಗ ಓಮ್

ಗುಂಡಿ ಒತ್ತಿದೊಡನೆ ದೀಪ ಹತ್ತುವುದು ಇಂದು ಮಕ್ಕಳಿಗೂ ಬೆರಗಿನ ಸಂಗತಿಯಲ್ಲ. ಆದರೆ ತಂತಿಯಲ್ಲಿ ಎಷ್ಟು ವಿದ್ಯುತ್ತು ಹರಿದೀತೆಂಬುದನ್ನು ಮೊದಲೇ ಎಣಿಸಿ ಹೇಳುವ ಸೂತ್ರವನ್ನು ಜಗತ್ತಿಗೆ ಕೊಟ್ಟವನು ಒಬ್ಬ ಶಾಲಾ ಉಪಾಧ್ಯಾಯ. ಅದಕ್ಕಾಗಿ ಆತನು ತೆತ್ತ ಬೆಲೆಯೂ ಸಣ್ಣದಲ್ಲ. ಆತನೇ ಜಾರ್ಜ್ ಸೈಮನ್ ಓಮ್.

ಓಮ್ ಹುಟ್ಟಿದ್ದು 1789ನೆಯ ಇಸವಿ ಮಾರ್ಚ್ 16ರಂದು, ಜರ್ಮನಿಯ ಎರ್ಲಾಂಗೆನ್ ಎಂಬ ಊರಿನಲ್ಲಿ. ತಂದೆ ಬೀಗ ಮಾಡುವ ಕಸುಬಿನವನು. ಸ್ವಂತ ಪರಿಶ್ರಮದಿಂದ ಗಣಿತ, ವಿಜ್ಞಾನಗಳನ್ನು ಕಲಿತು ಮಕ್ಕಳಿಗೂ ಕಲಿಸಿದನು. ಬಾಲ್ಯದಲ್ಲಿಯೇ ತಾಯಿ ತೀರಿಕೊಂಡಳು. ಹದಿನಾರರಲ್ಲಿ ವಿಶ್ವವಿದ್ಯಾನಿಲಯ ಸೇರಿದ ಹುಡುಗನು ಕುಣಿತ, ಬಿಲಿಯರ್ಡ್ಸ್, ಮಂಜಿನ ಮೇಲಿನ ಜಾರಾಟಗಳಲ್ಲಿ ಮೈಮರೆತನು. ಇದನ್ನು ಸಹಿಸದ ತಂದೆಯು ಓದು ಬಿಡಿಸಿ ಅವನನ್ನು ಸ್ವಿಟ್ಜರ್ಲೆಂಡಿಗೆ ಕಳುಹಿಸಿದನು. ಅಲ್ಲಿ ಪಾಠ ಹೇಳುತ್ತ, ತಾನೂ ಓದುತ್ತ ಬೆಳೆದು, ಊರಿಗೆ ಮರಳಿ 1811ರಲ್ಲಿ ಡಾಕ್ಟರೇಟ್ ಪಡೆದನು. ಅನಂತರ ಹೊಟ್ಟೆಪಾಡಿಗಾಗಿ ಊರಿಂದೂರಿಗೆ ಅಲೆತ. ಪರಸ್ಥಳದಲ್ಲಿ ಬದುಕು ಕಟ್ಟಿಕೊಂಡ ನಮಗೆ ಅದರ ಬವಣೆ ತಿಳಿಯದ್ದೇನಲ್ಲ. 1817ರಲ್ಲಿ ಕೊಲೋನ್ ನಗರದ ಶಾಲೆಯಲ್ಲಿ ಕೆಲಸವೂ ಪ್ರಯೋಗಶಾಲೆಯೂ ದೊರೆತವು.

ಒಂದೇ ದಪ್ಪದ, ಬೇರೆ ಬೇರೆ ಉದ್ದದ ತಂತಿಗಳಲ್ಲಿ ವಿದ್ಯುತ್ತನ್ನು ಹರಿಸಿ, ಅಯಸ್ಕಾಂತದ ಸೂಜಿ ಎಷ್ಟು ಹೊರಳುವುದೆಂದು ಓಮ್ ಅಳೆದನು. 1825ರಲ್ಲಿ ಅವನು ಪ್ರಕಟಿಸಿದ ಮೊದಲ ಸೂತ್ರ ತಪ್ಪಾಗಿತ್ತು. ಬ್ಯಾಟರಿಯ ಬಲವೇ ಸ್ಥಿರವಾಗಿ ನಿಲ್ಲುತ್ತಿರಲಿಲ್ಲ. ಪೊಗೆನ್‌ಡಾರ್ಫ್ ಎಂಬ ವಿಜ್ಞಾನಿಯ ಸಲಹೆಯಂತೆ ತಾಮ್ರ ಮತ್ತು ಬಿಸ್ಮತ್ ಲೋಹಗಳನ್ನು ಬೆಸೆದು, ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲಿಯೂ ಇನ್ನೊಂದನ್ನು ಮಂಜುಗಡ್ಡೆಯಲ್ಲಿಯೂ ಇರಿಸಿದನು. ಈಗ ಬಲ ಕದಲಲಿಲ್ಲ. ತಂತಿಯ ರೋಧದೊಡನೆ ಉಪಕರಣದ ರೋಧವನ್ನೂ ಕೂಡಿಸಿದಾಗ ಲೆಕ್ಕ ಸರಿಹೋಯಿತು.

ಆ ನಿಯಮ ಇಷ್ಟೆ: ಒತ್ತಡವನ್ನು ರೋಧದಿಂದ ಭಾಗಿಸಿದರೆ ಪ್ರವಾಹ. ಹೈದರಾಬಾದಿನ ನಮ್ಮ ಮನೆಗಳಿಗೆ ಬರುವ ಒತ್ತಡ 230 ವೋಲ್ಟ್ ಎನ್ನೋಣ. ನೀರು ಕಾಯಿಸುವ ಉಪಕರಣದ ರೋಧ 22 ಓಮ್; ಅದಕ್ಕೆ ಜೋಡಿಸಿದ ಸವೆದ ತಂತಿಯದು 1 ಓಮ್. ಸಾಲಾಗಿರುವ ರೋಧಗಳನ್ನು ಕೂಡಬೇಕು: 23. 230ನ್ನು 23ರಿಂದ ಭಾಗಿಸಿದರೆ 10 ಆಂಪಿಯರ್. ತಂತಿ ನುಂಗುವುದು 10 ವೋಲ್ಟ್, ಉಪಕರಣಕ್ಕೆ ಉಳಿಯುವುದು 220. ಎರಡೂ ಸೇರಿ 230. ಜಮಾಖರ್ಚು ತಾಳೆಯಾಯಿತು. ಆದರೆ ಆ 10 ವೋಲ್ಟನ್ನು 10 ಆಂಪಿಯರಿನಿಂದ ಗುಣಿಸಿದರೆ 100 ವಾಟ್. ಅಷ್ಟೂ ತಂತಿಯಲ್ಲಿಯೇ ಶಾಖವಾಗುತ್ತದೆ. ತಂತಿ ಬಿಸಿಯಾದರೆ ಅಲಕ್ಷಿಸಬಾರದೆಂಬುದು ಇದಕ್ಕೇ.

ಅಕ್ಕಪಕ್ಕ ಜೋಡಿಸಿದಾಗ ಕೂಡಬೇಕಾದದ್ದು ಪ್ರವಾಹಗಳನ್ನು. 46 ಓಮಿನ ಇಸ್ತ್ರಿಪೆಟ್ಟಿಗೆಗೆ 5 ಆಂಪಿಯರ್, 23 ಓಮಿನ ಒಲೆಗೆ 10. ಎರಡನ್ನೂ ಒಂದೇ ತಂತಿಗೆ ಸಿಕ್ಕಿಸಿದರೆ ಅದು 15 ಆಂಪಿಯರ್ ಹೊರಬೇಕು. 6 ಆಂಪಿಯರಿಗೆಂದು ಹಾಕಿದ ತಂತಿ ಅಷ್ಟನ್ನು ತಾಳಲಾರದು.

ಇಷ್ಟು ಉಪಕಾರಿಯಾದ ನಿಯಮಕ್ಕೆ ಮೊದಲು ದೊರೆತದ್ದು ತಾತ್ಸಾರ. ಅರ್ಧ ಸಂಬಳದ ರಜೆಯ ಮೇಲೆ ಬರ್ಲಿನ್ನಿಗೆ ಹೋಗಿ, 1827ರಲ್ಲಿ ಓಮ್ ತನ್ನ ಗ್ರಂಥವನ್ನು ಪ್ರಕಟಿಸಿದನು. ವಿಶ್ವವಿದ್ಯಾನಿಲಯದ ಹುದ್ದೆ ಸಿಕ್ಕೀತೆಂಬ ಆಸೆ ಅವನದು. ಪ್ರಕೃತಿಯ ವ್ಯಾಪಾರವನ್ನು ಗಣಿತದಲ್ಲಿ ಹಿಡಿಯುವ ರೀತಿ ಅಲ್ಲಿನ ಅನೇಕ ಪಂಡಿತರಿಗೆ ರುಚಿಸಲಿಲ್ಲ. ಮನನೊಂದ ಓಮ್ 1828ರಲ್ಲಿ ಇದ್ದ ಕೆಲಸಕ್ಕೂ ರಾಜೀನಾಮೆ ಕೊಟ್ಟನು. 1833ರಲ್ಲಿ ನ್ಯೂರೆಂಬರ್ಗಿನಲ್ಲಿ ಕೆಲಸ ದೊರೆಯುವವರೆಗೆ ಐದು ವರ್ಷ ಅಲ್ಪ ಸಂಪಾದನೆಯ ಜೀವನ. ಆದರೂ ತನ್ನ ಅಳತೆಯನ್ನು ಅವನು ಬಿಟ್ಟುಕೊಡಲಿಲ್ಲ.

1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಕಾಪ್ಲೆ ಪದಕವನ್ನಿತ್ತು ಗೌರವಿಸಿತು. ಬಯಸಿದ ಭೌತಶಾಸ್ತ್ರದ ಪ್ರಾಧ್ಯಾಪಕ ಪದವಿ ಮ್ಯೂನಿಕ್ಕಿನಲ್ಲಿ ಕೈಸೇರಿದ್ದು 1852ರಲ್ಲಿ. 1854ನೆಯ ಜುಲೈ 6ರಂದು ಮರಣ. ಪಟ್ಟವೇರಿ ಎರಡು ವರ್ಷ ಮಾತ್ರ. 1881ರ ಪ್ಯಾರಿಸ್ ಸಮ್ಮೇಳನದಲ್ಲಿ ರೋಧದ ಅಳತೆಗೆ ಅವನ ಹೆಸರೇ ಅಂತಾರಾಷ್ಟ್ರೀಯವಾಗಿ ಅಂಗೀಕೃತವಾಯಿತು.

ನಮ್ಮ ಕನ್ನಡ ನಾಡೂ ಅವನಿಗೆ ಋಣಿ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಅಷ್ಟುದ್ದದ ತಂತಿಯ ರೋಧವನ್ನು ಗೆಲ್ಲಲು ಒತ್ತಡವನ್ನು ಹತ್ತಾರು ಸಾವಿರ ವೋಲ್ಟಿಗೆ ಏರಿಸಿದರು. ಶಕ್ತಿ ಅಷ್ಟೇ ಇರುವಾಗ ಒತ್ತಡ ಹತ್ತು ಪಾಲಾದರೆ ಪ್ರವಾಹ ಹತ್ತನೆಯ ಒಂದು ಪಾಲಿಗಿಳಿದು, ತಂತಿಯ ನಷ್ಟ ನೂರನೆಯ ಒಂದು ಪಾಲಾಗುತ್ತದೆ. 1905ರಲ್ಲಿ ಬೆಂಗಳೂರಿನ ಬೀದಿಗಳೂ ಶಿವನಸಮುದ್ರದ ಬೆಳಕನ್ನು ಕಂಡವು.

ಭಾಗಾಕಾರ ಬಲ್ಲ ಯಾವ ಹುಡುಗನೂ ಹುಡುಗಿಯೂ ಈ ಲೆಕ್ಕವನ್ನು ಮಾಡಬಲ್ಲರು. ಹೊಸ ಉಪಕರಣವೊಂದನ್ನು ಮನೆಗೆ ತಂದಾಗ ಕಾಗದ ಪೆನ್ಸಿಲ್ ಕೊಟ್ಟು ಅವರಿಂದಲೇ ಮಾಡಿಸಿರಿ. ಓಮ್ ಮಹಾಶಯನಿಗೆ ಅದಕ್ಕಿಂತ ಒಳ್ಳೆಯ ಸ್ಮಾರಕವಿಲ್ಲ.